ಉಡವೋ, ಹಾಲಕ್ಕಿಯೋ: ತೋಟದಲ್ಲಿ ಯಾರಿಗೆ ಮೊದಲು ಜಾಗ ಬಿಡೋಣ?

ತೋಟಕ್ಕೆ ವಿಷ ಹೊಡೆಯುವುದನ್ನು ಕಡಿಮೆ ಮಾಡಬೇಕು, ಹುಳ ಇಲಿ ತಿನ್ನುವ ಪ್ರಾಣಿಗಳು ತಾವಾಗಿಯೇ ಬಂದು ಇರುವ ಹಾಗೆ ನೋಡಿಕೊಳ್ಳಬೇಕು ಅಂತ ಮನಸ್ಸು ಮಾಡಿದವರು ಈಗ ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಆದರೆ ಎರಡು ಮೂರು ಎಕರೆಯಲ್ಲಿ ಎಲ್ಲದಕ್ಕೂ ಜಾಗ ಬಿಡಲು ಆಗುವುದಿಲ್ಲ. ಹಳೇ ಮರ ಉಳಿಸಬೇಕೋ ಕಡಿಸಬೇಕೋ, ಬದುವಿನ ಮೇಲಿನ ಹುತ್ತ ಇರಲೋ ಬೇಡವೋ, ರಾತ್ರಿಯೆಲ್ಲ ದೀಪ ಉರಿಸಬೇಕೋ, ನಾಯಿ ಬಿಡಬೇಕೋ ಕಟ್ಟಬೇಕೋ, ಹೀಗೆ ಒಂದೊಂದನ್ನೂ ತೀರ್ಮಾನ ಮಾಡಬೇಕಾಗುತ್ತದೆ. ಉಡಕ್ಕೆ ಅನುಕೂಲ ಮಾಡಿಕೊಡೋಣವೋ ಹಾಲಕ್ಕಿ ಅನ್ನುವ ಪುಟ್ಟ ಗೂಬೆಗೆ ಮಾಡಿಕೊಡೋಣವೋ ಅನ್ನುವುದೂ ಅಂಥದ್ದೇ ಒಂದು ತೀರ್ಮಾನ.

ಇವೆರಡನ್ನೇ ಯಾಕೆ ಎದುರುಬದುರು ಇಟ್ಟೆ ಅಂದರೆ, ನಮ್ಮ ಬಯಲುಸೀಮೆಯ ಹೊಲ ತೋಟಗಳಲ್ಲಿ ಎರಡೂ ಇನ್ನೂ ಉಳಿದಿವೆ. ಇವಕ್ಕೆ ದೊಡ್ಡ ಕಾಡೇ ಬೇಕು ಅಂತಿಲ್ಲ. ಊಟದಲ್ಲೂ ಬಹಳಷ್ಟು ಒಂದೇ: ದುಂಬಿ, ಗೊಣ್ಣೆಹುಳು, ಚೇಳು, ಹಲ್ಲಿ, ಕಪ್ಪೆ, ಇಲಿಮರಿ. ಉಡದ್ದು ಹಗಲು ಪಾಳಿ, ಹಾಲಕ್ಕಿಯದು ರಾತ್ರಿ ಪಾಳಿ. ಕೆಲಸ ಒಂದೇ ಥರ ಕಂಡರೂ ಇವು ಕೇಳುವ ಜಾಗ ಬೇರೆ ಬೇರೆ, ಆದ್ದರಿಂದಲೇ ಆಯ್ಕೆಯ ಪ್ರಶ್ನೆ ಬರುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಾನು ಹೇಳುತ್ತಿರುವುದು ಸಾಕುವುದರ ಬಗ್ಗೆ ಅಲ್ಲವೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡನ್ನೂ ಕಾಯುತ್ತದೆ. ಉಡ ಮೊದಲನೇ ಪರಿಚ್ಛೇದದಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಹಿಡಿದರೆ, ಕೊಂದರೆ, ಮಾಂಸ ಇಟ್ಟುಕೊಂಡರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು. ಹಾಲಕ್ಕಿಯನ್ನು ಪಂಜರದಲ್ಲಿ ಇಡುವುದೂ ಅಪರಾಧವೇ. ಎಲ್ಲಿಂದಲೋ ಹಿಡಿದು ತಂದು ನಿಮ್ಮ ತೋಟದಲ್ಲಿ ಬಿಡುವುದೂ ಬೇಡ. ಅದಾಗಿ ಬರಬೇಕು, ಅದಾಗಿ ಉಳಿಯಬೇಕು. ನಮ್ಮ ಕೈಯಲ್ಲಿರುವುದು ಜಾಗ ಬಿಡುವುದು ಮಾತ್ರ.

ಇವು ಯಾರು, ಎಷ್ಟು ದೊಡ್ಡವು

ನಮ್ಮ ರಾಜ್ಯದಲ್ಲಿ ಸಿಗುವ ಉಡ ಬೆಂಗಾಲ್ ಮಾನಿಟರ್ ಅನ್ನುವ ಜಾತಿ, ವರಾನಸ್ ಬೆಂಗಾಲೆನ್ಸಿಸ್. ಚೆನ್ನಾಗಿ ಬೆಳೆದ ಗಂಡು ಮೂತಿಯಿಂದ ಬಾಲದ ತುದಿಗೆ 175 ಸೆಂಟಿಮೀಟರ್ ತನಕ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ತೂಕ 7 ಕೆಜಿ ಮುಟ್ಟಬಹುದು. ಹಾಗಂತ ನಿಮಗೆ ಕಾಣುವುದೆಲ್ಲ ಇಷ್ಟು ದೊಡ್ಡದಿರುವುದಿಲ್ಲ. ಸಾಮಾನ್ಯವಾಗಿ ತೋಟದಲ್ಲಿ ಓಡಾಡುವುದು ಇದಕ್ಕಿಂತ ಸಣ್ಣದೇ.

ಹಾಲಕ್ಕಿ ಅಂದರೆ ಸ್ಪಾಟೆಡ್ ಔಲೆಟ್, ಅಥೀನೆ ಬ್ರಾಮ. ಉದ್ದ 21 ಸೆಂಟಿಮೀಟರ್, ಗೊರವಂಕಕ್ಕಿಂತ ತುಸು ಕಡಿಮೆಯೇ. ತೂಕ 110 ಗ್ರಾಂ ಆಸುಪಾಸು. ಬೂದುಗಂದು ಮೈ, ಮೇಲೆಲ್ಲ ಬಿಳಿ ಚುಕ್ಕೆ, ಬಿಳಿ ಹುಬ್ಬು, ಹಳದಿ ಕಣ್ಣು. ದೊಡ್ಡ ಉಡವೊಂದರ ತೂಕಕ್ಕೆ ಅರವತ್ತು ಹಾಲಕ್ಕಿ ಸೇರಿಸಬೇಕು, ಅಷ್ಟು ಅಂತರ.

ಗಾತ್ರ ನೋಡಿ ಉಡವೇ ಜಾಸ್ತಿ ತಿನ್ನುತ್ತದೆ, ಹಾಗಾಗಿ ಉಡವೇ ಲಾಭ ಅಂತ ಲೆಕ್ಕ ಹಾಕಬೇಡಿ. ಉಡ ತಣ್ಣನೆ ರಕ್ತದ ಪ್ರಾಣಿ. ಮೈ ಬಿಸಿಗೆ ಬಿಸಿಲು ಕಾಯಿಸುತ್ತದೆ, ಊಟ ಖರ್ಚು ಮಾಡುವುದಿಲ್ಲ. ಚಳಿ ಇದ್ದಾಗ ಬಿಲದೊಳಗೆ ಸುಮ್ನೆ ಮಲಗಿ ದಿನ ಕಳೆಯಬಲ್ಲದು. ಹಾಲಕ್ಕಿಗೆ ಆ ಸೌಲಭ್ಯ ಇಲ್ಲ. ಪ್ರತಿ ರಾತ್ರಿ ಹೊಟ್ಟೆ ತುಂಬಬೇಕು, ಮರಿ ಇದ್ದರಂತೂ ಕತ್ತಲಾದ ಮೇಲೆ ಗಂಡು ಹೆಣ್ಣು ಎರಡೂ ಬಿಡುವಿಲ್ಲದೆ ಊಟ ಹೊರುತ್ತವೆ. ಹಾಗಾಗಿ ವರ್ಷವಿಡೀ, ದಿನ ತಪ್ಪದೆ ಕೆಲಸ ಆಗಬೇಕು ಅನ್ನುವವರಿಗೆ ಹಾಲಕ್ಕಿಯೇ ಸರಿ.

ಯಾರು ಏನು ತಿನ್ನುತ್ತಾರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ತೋಟದವರಿಗೆ ಬೇಕಾಗಿರುವುದು ಇದೇ.

ಉಡ ಅಂದರೆ ಕೋಳಿಮರಿ ಕದಿಯುವ ಪ್ರಾಣಿ ಅನ್ನುವುದು ಊರ ಕಡೆಯ ಮಾತು. ಕದಿಯುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮೊಟ್ಟೆ ಸಿಕ್ಕರೆ ತಿನ್ನುತ್ತದೆ, ಮರಿ ಸಿಕ್ಕರೂ ತಿನ್ನುತ್ತದೆ. ಆದರೆ ಅದರ ಊಟದಲ್ಲಿ ಬಹುಪಾಲು ಹುಳ ಹುಪ್ಪಟೆಯೇ: ದುಂಬಿ, ದುಂಬಿಯ ಮರಿಹುಳು, ಜರಿ, ಬಸವನಹುಳು, ಏಡಿ, ಗೆದ್ದಲು. ಅದರ ಮೇಲೆ ಇಲಿ, ಕಪ್ಪೆ, ಹಲ್ಲಿ, ಹಾವು, ಹಾವಿನ ಮೊಟ್ಟೆ, ಸತ್ತ ಪ್ರಾಣಿಯ ಮಾಂಸ. ಮರ ಹತ್ತಿ ಮಲಗಿರುವ ಬಾವಲಿಯನ್ನೂ ಹಿಡಿಯುತ್ತದೆ.

ಅದು ಕೆಲಸ ಮಾಡುವುದನ್ನು ಒಮ್ಮೆ ದೂರದಿಂದ ನೋಡಿ. ತಿಪ್ಪೆಯ ಪಕ್ಕದಲ್ಲಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಮೆಲ್ಲಗೆ ಬರುತ್ತದೆ. ಸೀಳುನಾಲಿಗೆ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ಅದು ವಾಸನೆ ಹಿಡಿಯುವುದೇ ನಾಲಿಗೆಯಲ್ಲಿ. ಒಂದು ಕಡೆ ನಿಲ್ಲುತ್ತದೆ. ನಿಂತಲ್ಲೇ ಮುಂಗಾಲಿನ ಉಗುರಿನಿಂದ ನಾಲ್ಕು ಸಲ ಕೆರೆದು, ಮೂತಿಯನ್ನು ಕಣ್ಣಿನ ತನಕ ಗೊಬ್ಬರದೊಳಗೆ ತೂರಿಸುತ್ತದೆ. ಮೂಗಿನ ಹೊಳ್ಳೆ ಸೀಳಿನ ಹಾಗಿದ್ದು ಮೂತಿಯ ತುದಿಯಿಂದ ಹಿಂದಕ್ಕೆ ಇದೆ, ಬೇಕೆಂದಾಗ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಮಣ್ಣು ಹೋಗುವ ಚಿಂತೆ ಇಲ್ಲ. ಮೂತಿ ಹೊರಗೆ ಬಂದಾಗ ಬಾಯಲ್ಲಿ ಬಿಳಿ ಗೊಣ್ಣೆಹುಳು ಇರುತ್ತದೆ. ತಲೆ ಮೇಲೆತ್ತಿ ಎರಡು ಸಲ ಕುಲುಕಿ ನುಂಗುತ್ತದೆ. ತೆಂಗು ಬೆಳೆಯುವವರಿಗೆ ಇದರ ಬೆಲೆ ಗೊತ್ತಾಗುತ್ತದೆ, ಯಾಕೆಂದರೆ ಸುಳಿ ಕೊರೆಯುವ ದುಂಬಿ ಮೊಟ್ಟೆ ಇಟ್ಟು ಮರಿಯಾಗುವುದು ಇದೇ ತಿಪ್ಪೆಯಲ್ಲಿ.

ಹಾಲಕ್ಕಿಯ ಊಟದಲ್ಲೂ ಹುಳವೇ ಮುಂದು. ದುಂಬಿ, ಪತಂಗ, ಮಿಡತೆ, ಎರೆಹುಳು, ಚೇಳು. ಜೊತೆಗೆ ಸುಂಡಿಲಿ, ಹಲ್ಲಿ, ಕಪ್ಪೆ, ಅಪರೂಪಕ್ಕೆ ಸಣ್ಣ ಹಕ್ಕಿ ಅಥವಾ ಬಾವಲಿ. ಕತ್ತಲಾಗುವ ಹೊತ್ತಿಗೆ ಕರೆಂಟ್ ತಂತಿಯ ಮೇಲೋ ಬೇಲಿಗೂಟದ ಮೇಲೋ ಬಂದು ಕೂರುತ್ತದೆ, ಕೂತಲ್ಲಿಂದಲೇ ನೆಲ ನೋಡುತ್ತದೆ, ಏನಾದರೂ ಅಲ್ಲಾಡಿದರೆ ಇಳಿದು ಹಿಡಿದು ವಾಪಸ್ ಬರುತ್ತದೆ. ಬೀದಿದೀಪಕ್ಕೆ ಮುತ್ತುವ ಹುಳುಗಳನ್ನು ಗಾಳಿಯಲ್ಲೇ ಹಿಡಿಯುವುದೂ ಉಂಟು. ಬೇರುಹುಳದ ಕಾಟ ಇರುವವರಿಗೆ ಒಂದು ಮಾತು: ಮೊದಲ ಮಳೆ ಬಿದ್ದ ಸಂಜೆ ಆ ಹುಳದ ದುಂಬಿಗಳು ಮಣ್ಣಿನಿಂದ ಎದ್ದು ಬೇವಿನ ಮರಕ್ಕೆ ಮುತ್ತುತ್ತವಲ್ಲ, ಅವತ್ತು ಹಾಲಕ್ಕಿಗೆ ಹಬ್ಬ. ಉಡ ಮಣ್ಣಿನಲ್ಲಿರುವ ಮರಿಯನ್ನು ತಿನ್ನುತ್ತದೆ, ಹಾಲಕ್ಕಿ ರೆಕ್ಕೆ ಬಂದ ಮೇಲೆ ತಿನ್ನುತ್ತದೆ.

ಹಾಲಕ್ಕಿ ನಿಮ್ಮ ತೋಟದಲ್ಲಿ ಏನು ತಿನ್ನುತ್ತಿದೆ ಅಂತ ತಿಳಿಯುವುದು ಬಹಳ ಸುಲಭ. ಅದು ಕೂರುವ ಮರದ ಕೆಳಗೆ ಬಿಳಿ ಹಿಕ್ಕೆಯ ನಡುವೆ ಹೆಬ್ಬೆರಳ ಉಗುರಿನಷ್ಟು ಅಗಲದ ಒಣ ಉಂಡೆಗಳು ಬಿದ್ದಿರುತ್ತವೆ. ಅರಗದೆ ಉಳಿದದ್ದನ್ನು ಹೀಗೆ ಉಂಡೆ ಮಾಡಿ ಉಗುಳುತ್ತದೆ. ಒಂದನ್ನು ಕಾಗದದ ಮೇಲೆ ಇಟ್ಟು ಕಡ್ಡಿಯಿಂದ ಬಿಡಿಸಿ. ದುಂಬಿಯ ರೆಕ್ಕೆಚಿಪ್ಪಿನ ಚೂರು ಕಂದು ಕಪ್ಪಾಗಿ ಹೊಳೆಯುತ್ತದೆ, ಮಿಡತೆಯ ಕಾಲಿನ ಗರಗಸ ಕಾಣುತ್ತದೆ, ಇಲಿ ತಿಂದಿದ್ದರೆ ಬೂದು ಕೂದಲಿನ ಮಧ್ಯೆ ಒಂದು ಪುಟ್ಟ ದವಡೆ ಸಿಗುತ್ತದೆ. ಮಕ್ಕಳಿಗೆ ತೋರಿಸಿದರೆ ಬಿಟ್ಟು ಏಳುವುದಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯಿರಿ ಅಷ್ಟೇ.

ಇಲಿಯೇ ನಿಮ್ಮ ದೊಡ್ಡ ತಲೆನೋವು, ಹೊಲದ ತುಂಬ ಬಿಲ, ತೆನೆ ಉಳಿಯುತ್ತಿಲ್ಲ ಅಂದರೆ ಈ ಎರಡರಲ್ಲಿ ಯಾವುದೂ ಪೂರ್ತಿ ಉತ್ತರ ಅಲ್ಲ. ಹಾಲಕ್ಕಿ ಚಿಕ್ಕ ಇಲಿಗೆ ಸೈ, ಹೆಗ್ಗಣ ಅದರ ಕೈಯಲ್ಲಿ ಆಗುವುದಿಲ್ಲ. ಉಡ ಬಿಲಕ್ಕೆ ನುಗ್ಗಿ ಮರಿ ತಿನ್ನುತ್ತದೆ, ಆದರೆ ಇಲಿಯನ್ನೇ ಹುಡುಕಿಕೊಂಡು ಹೋಗುವ ಪ್ರಾಣಿ ಅಲ್ಲ. ಅಂಥವರು ಕಣಜ ಗೂಬೆಯ ಬಗ್ಗೆ ಯೋಚಿಸಿ, ಇಲಿಯೇ ಅದರ ಮುಖ್ಯ ಊಟ.

ಜಾಗದ ಲೆಕ್ಕ

ಹಾಲಕ್ಕಿ ಕೇಳುವುದು ಒಂದು ಪೊಟರೆ. ಹಳೇ ಹುಣಸೆ, ಮಾವು, ಆಲ, ಯಾವುದಾದರೂ ಸರಿ. ಗಟ್ಟಿಮುಟ್ಟಾದ ಎಳೇ ಮರಕ್ಕಿಂತ ಕೊಂಬೆ ಮುರಿದು ಒಳಗೆ ಟೊಳ್ಳಾದ ಮರ ಅದಕ್ಕೆ ಹೆಚ್ಚು ಬೇಕು, ನಾವು ಮೊದಲು ಕಡಿಸುವುದೂ ಅದನ್ನೇ. ಮರ ಇಲ್ಲದಿದ್ದರೆ ಹಾಳು ಗೋಡೆಯ ಸಂದು, ಬಂಡೆಯ ಬಿರುಕು, ಹಳೇ ಮನೆಯ ಸೂರಿನ ಕಿಂಡಿ, ಮೋಟಾರು ಮನೆಯ ಗೋಡೆಯ ತೂತು, ಎಲ್ಲವೂ ಆಗುತ್ತದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಕಬ್ಬನ್ ಪಾರ್ಕ್‌ನಲ್ಲಿ ಕೂಡ ಹಾಲಕ್ಕಿ ಇದೆ. ಅಷ್ಟು ಗದ್ದಲದ ಊರಲ್ಲಿ ಬದುಕುವ ಹಕ್ಕಿಗೆ ನಿಮ್ಮ ತೋಟದಲ್ಲಿ ಜನ ಓಡಾಡುವುದು ದೊಡ್ಡ ವಿಷಯವೇ ಅಲ್ಲ.

ಗೂಡಿನ ಕಾಲ ನವೆಂಬರ್‌ನಿಂದ ಏಪ್ರಿಲ್. ಮೂರು ನಾಲ್ಕು ಬಿಳಿ ಮೊಟ್ಟೆ, ಕೆಲವೊಮ್ಮೆ ಐದು. ಕಾವು ಒಂದು ತಿಂಗಳು, ಮರಿ ಹೊರಗೆ ಬರಲು ಮತ್ತೆ ಮೂರು ನಾಲ್ಕು ವಾರ. ಅಂದರೆ ಎರಡು ತಿಂಗಳು ಆ ಮರಕ್ಕೆ ಗರಗಸ ತಾಗದಿದ್ದರೆ ಒಂದು ಸಂಸಾರ ಎದ್ದು ನಿಲ್ಲುತ್ತದೆ. ಪೆಟ್ಟಿಗೆ ಗೂಡು ಮಾಡಿ ಇಡುವವರೂ ಇದ್ದಾರೆ. ಮರದ ಹಲಗೆಯದ್ದು, ಮೂರು ಇಂಚಿನ ತೂತು, ನಾಲ್ಕು ಆಳೆತ್ತರದಲ್ಲಿ ಮಳೆ ಹೊಡೆಯದ ಕಡೆ ಮುಖ, ಬೆಕ್ಕು ಹತ್ತದ ಜಾಗ. ಗೊರವಂಕ ಬಂದು ಸೇರಿಕೊಳ್ಳುವ ಸಾಧ್ಯತೆ ಬಹಳ ಇದೆ, ಪೊಟರೆಗೋಸ್ಕರ ಇವೆರಡಕ್ಕೂ ಜಗಳ ಇದ್ದದ್ದೇ. ಹಾಗಾಗಿ ಪೆಟ್ಟಿಗೆಗಿಂತ ಹಳೇ ಮರ ಉಳಿಸುವುದೇ ಒಳ್ಳೆಯ ದಾರಿ ಅನ್ನುವುದು ನನ್ನ ಅಭಿಪ್ರಾಯ.

ಉಡದ ಜಾಗ ಬೇರೆ ರೀತಿಯದ್ದು. ಅದಕ್ಕೆ ಬೇಕಾದದ್ದು ನೆಲ. ಕಲ್ಲುಗುಡ್ಡೆ, ಕಟ್ಟಿದ ಬದು, ಹುತ್ತ, ಕತ್ತಾಳೆ ಬೇಲಿ, ಮರದ ಬುಡದ ಟೊಳ್ಳು, ಹತ್ತಿರದಲ್ಲಿ ಒಂದು ಹಳ್ಳವೋ ಕೆರೆಯೋ ಇದ್ದರೆ ಇನ್ನೂ ಒಳ್ಳೆಯದು. ಚೆನ್ನಾಗಿ ಈಜುತ್ತದೆ, ನೀರಿನೊಳಗೆ ಬಹಳ ಹೊತ್ತು ಮುಳುಗಿರುತ್ತದೆ. ಒಂದೇ ತೋಟದಲ್ಲಿ ಅದು ನಿಲ್ಲುವುದಿಲ್ಲ. ನಿಮ್ಮದು, ಪಕ್ಕದವರದು, ಅದರಾಚೆ ಗೋಮಾಳ, ಎಲ್ಲ ಸುತ್ತುತ್ತದೆ. ಪಕ್ಕದವರು ಎಲ್ಲ ಬದು ಕಿತ್ತು ಸಪಾಟು ಮಾಡಿದ್ದರೆ ನೀವೊಬ್ಬರೇ ಬಿಟ್ಟ ಜಾಗ ಸಾಲದೇ ಹೋಗಬಹುದು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಉಡ ಮೊಟ್ಟೆ ಇಡುವುದು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲದಲ್ಲಿ ಗುಂಡಿ ತೋಡಿಯೋ, ಹುತ್ತದೊಳಗೋ ಇಟ್ಟು, ಮಣ್ಣು ಮುಚ್ಚುತ್ತದೆ. ಪಕ್ಕದಲ್ಲಿ ಒಂದೆರಡು ಸುಳ್ಳು ಗುಂಡಿಯನ್ನೂ ತೋಡಿ ಕಳ್ಳರ ದಾರಿ ತಪ್ಪಿಸುತ್ತದೆ. ಒಂದು ಸಲಕ್ಕೆ ಇಪ್ಪತ್ತರ ಆಸುಪಾಸು ಮೊಟ್ಟೆ. ಅವು ಒಡೆಯಲು ಐದೂವರೆ ತಿಂಗಳಿಂದ ಎಂಟು ತಿಂಗಳು ಬೇಕು! ಅಂದರೆ ಆಗಸ್ಟ್‌ನಲ್ಲಿ ಇಟ್ಟ ಮೊಟ್ಟೆ ಸಂಕ್ರಾಂತಿಯಲ್ಲೂ ಮಣ್ಣೊಳಗೇ ಇರುತ್ತದೆ, ಶಿವರಾತ್ರಿ ದಾಟಿದರೂ ಇರಬಹುದು. ನಾವು ಬೆಳೆ ಕಟಾವು ಮುಗಿಸಿ ಜೆಸಿಬಿ ಕರೆಸಿ ಬದು ಸರಿ ಮಾಡಿಸುವುದು ಯಾವಾಗ? ಜನವರಿ, ಫೆಬ್ರವರಿಯಲ್ಲೇ ಅಲ್ವಾ? ಒಂದು ಗಂಟೆಯ ಜೆಸಿಬಿ ಕೆಲಸಕ್ಕೆ ಒಂದು ವರ್ಷದ ಮರಿಗಳು ಹೋದವು. ಯಾರಿಗೂ ಗೊತ್ತೂ ಆಗುವುದಿಲ್ಲ. ಹಾಲಕ್ಕಿಯ ಗೂಡು ಕೆಟ್ಟರೆ ಮರಿ ಕೆಳಗೆ ಬಿದ್ದು ಕಣ್ಣಿಗೆ ಕಾಣುತ್ತದೆ, ಉಡದ ನಷ್ಟ ಕಣ್ಣಿಗೂ ಕಾಣುವುದಿಲ್ಲ. ನನಗೆ ಈ ವಿಷಯದಲ್ಲಿ ತುಂಬ ನೋವಿದೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ತೊಂದರೆಗಳು

ಕೋಳಿ ಸಾಕಿದ್ದರೆ ಉಡದಿಂದ ನಷ್ಟ ಆಗಬಹುದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಆದರೆ ಉಡ ಹಗಲು ಬರುವ ಪ್ರಾಣಿ, ನೆಲದ ಮೇಲೆ ಬರುವ ಪ್ರಾಣಿ. ಕಾವಿಗೆ ಕೂತ ಕೋಳಿಯನ್ನು ಬುಟ್ಟಿ ಮುಚ್ಚಿ ಒಳಗೆ ಇಟ್ಟರೆ, ಗೂಡಿಗೆ ಕೆಳಗಿನಿಂದ ಎರಡಡಿ ಸಣ್ಣ ಕಣ್ಣಿನ ಜಾಲರಿ ಬಿಗಿದು ಅಡಿಯನ್ನು ಮಣ್ಣೊಳಗೆ ಹೂತರೆ ಬಹುಮಟ್ಟಿಗೆ ನಿಲ್ಲುತ್ತದೆ. ಹಾಲಕ್ಕಿಯಿಂದ ಕೋಳಿಗೆ ಭಯ ಇಲ್ಲ. ಅದರಿಂದ ಆಗುವ ತೊಂದರೆ ಅಂದರೆ ಕೂಗು ಒಂದೇ. ಗಂಡು ಹೆಣ್ಣು ಸೇರಿ ಚಿರ್ರ್ ಚಿರ್ರ್ ಅಂತ ಶುರು ಮಾಡಿ ಚೀವಕ್ ಚೀವಕ್ ಅಂತ ಕಿರುಚುವುದು ನಡುರಾತ್ರಿ ಮಲಗುವ ಕೋಣೆಯ ಕಿಟಕಿ ಪಕ್ಕದಲ್ಲಾದರೆ ಹೊಸಬರಿಗೆ ಎದೆ ಝಲ್ ಅನ್ನುತ್ತದೆ. ಒಂದು ವಾರಕ್ಕೆ ಅಭ್ಯಾಸ ಆಗುತ್ತದೆ.

ಉಡ ಕಚ್ಚಿದರೆ ಸಾಯುತ್ತಾರೆ ಅನ್ನುವ ಭಯ ಇನ್ನೂ ಇದೆ. ನಾಗರಹಾವಿನ ಥರ ಮನುಷ್ಯರನ್ನು ಕೊಲ್ಲುವ ವಿಷ ಅದಕ್ಕಿಲ್ಲ. ಅದಾಗಿ ಬಂದು ಕಚ್ಚುವುದೂ ಇಲ್ಲ, ಓಡುವುದೇ ಅದರ ಮೊದಲ ಉಪಾಯ. ಮೂಲೆಗೆ ಒತ್ತಿದರೆ ಮೈ ಉಬ್ಬಿಸಿ ಬುಸುಗುಡುತ್ತದೆ, ಬಾಲದಿಂದ ಬೀಸಿ ಹೊಡೆಯುತ್ತದೆ. ಆಗಲೂ ಬಿಡದೆ ಹಿಡಿಯಲು ಹೋದರೆ ಕಚ್ಚುತ್ತದೆ, ಗಾಯ ಆಳ ಆಗುತ್ತದೆ, ಆಸ್ಪತ್ರೆಗೆ ಹೋಗಿ ತೋರಿಸಬೇಕಾಗುತ್ತದೆ. ಮನೆಯೊಳಗೆ ಬಂದರೆ ಬಾಗಿಲು ಕಿಟಕಿ ತೆಗೆದು, ನಾಯಿ ಕಟ್ಟಿ, ಜನ ದೂರ ನಿಂತರೆ ತಾನಾಗಿ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ನಾಯಿಯ ವಿಷಯ ಬಂತು. ಬಿಟ್ಟ ನಾಯಿಗಳು ಇರುವ ತೋಟದಲ್ಲಿ ಉಡ ಉಳಿಯುವುದು ಕಷ್ಟ. ಎರಡು ನಾಯಿ ಸೇರಿದರೆ ದೊಡ್ಡ ಉಡವನ್ನೂ ಬಿಡುವುದಿಲ್ಲ. ಹಾಲಕ್ಕಿ ಮೇಲೆ ಇರುವುದರಿಂದ ನಾಯಿಯಿಂದ ತೊಂದರೆ ಕಡಿಮೆ, ಅದಕ್ಕೆ ಬೆಕ್ಕಿನ ಕಾಟ. ಹಾರಲು ಕಲಿಯುವ ಮರಿ ನೆಲಕ್ಕೆ ಬಿದ್ದಾಗ ಬೆಕ್ಕಿನ ಬಾಯಿಗೆ ಹೋಗುತ್ತದೆ. ಅಂಥ ಮರಿ ಕಂಡರೆ ಮನೆಗೆ ತಂದು ಹಾಲು ಕುಡಿಸಲು ಹೋಗಬೇಡಿ. ಪಕ್ಕದ ಕೊಂಬೆಗೆ ಎತ್ತಿ ಕೂರಿಸಿ ದೂರ ಬನ್ನಿ, ಕತ್ತಲಾದ ಮೇಲೆ ಅಪ್ಪ ಅಮ್ಮ ಬಂದು ಊಟ ಕೊಡುತ್ತವೆ.

ಎರಡಕ್ಕೂ ಸಮನಾದ ಅಪಾಯ ಇಲಿಪಾಷಾಣ. ಬ್ರೊಮಾಡಿಯೋಲೋನ್ ಇರುವ ಕೇಕ್ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಎರಡು ಮೂರು ದಿನ ಮಂಕಾಗಿ ಓಡಾಡುತ್ತದೆ, ಆಗ ಹಾಲಕ್ಕಿಗೆ ಸುಲಭವಾಗಿ ಸಿಗುತ್ತದೆ. ಸತ್ತ ಮೇಲೆ ಉಡ ತಿನ್ನುತ್ತದೆ. ಒಂದು ಕಡೆ ಹಾಲಕ್ಕಿಗೆ ಪೆಟ್ಟಿಗೆ ಕಟ್ಟಿ, ಇನ್ನೊಂದು ಕಡೆ ಈ ಕೇಕ್ ಇಡುವುದಾದರೆ ದಯವಿಟ್ಟು ಪೆಟ್ಟಿಗೆ ಕಟ್ಟಲೇಬೇಡಿ. ಕರೆದು ಕೊಂದ ಹಾಗಾಗುತ್ತದೆ. ಬೋನು ಇಡಿ, ಅದು ಸಾಕು.

ನಂಬಿಕೆಗಳ ಮಾತು

ಮನೆಯಲ್ಲಿ ಹಿರಿಯರು ಒಪ್ಪದೆ ಇವು ಯಾವುದೂ ಆಗುವುದಿಲ್ಲ, ಅದಕ್ಕೇ ಇದನ್ನು ಬಿಡುವಂತಿಲ್ಲ. ಗೂಬೆ ಮನೆ ಮೇಲೆ ಕೂತರೆ ಮನೆ ಬಿಡಬೇಕು ಅನ್ನುವ ಮಾತು ನಮ್ಮಲ್ಲಿ ಎಲ್ಲ ಕಡೆ ಇದೆ. ಉಡ ಮನೆ ಹೊಕ್ಕರೂ ಅನಿಷ್ಟ ಅನ್ನುವವರು ಕೆಲವು ಕಡೆ ಇದ್ದಾರೆ. ಹಾಲಕ್ಕಿಯ ಪರವಾಗಿ ಹಿರಿಯರಿಗೆ ಹೇಳಲು ಒಂದು ಒಳ್ಳೆಯ ದಾರಿ ಇದೆ. ಬೆಳಗಿನ ಜಾವ ಬುಡುಬುಡಿಕೆಯವರು ಬಂದು ಹಾಲಕ್ಕಿ ನುಡೀತೈತೆ, ಶುಭ ನುಡೀತೈತೆ ಅಂತ ಹೇಳಿ ಕಾಳು ಈಸಿಕೊಂಡು ಹೋಗುತ್ತಾರಲ್ಲ, ಆ ಹಕ್ಕಿಯೇ ಇದು. ಅವರ ಬಾಯಲ್ಲಿ ಕೇಳಿ ಕೈಮುಗಿದ ಅಜ್ಜಿಗೆ ಅದೇ ಹಕ್ಕಿ ಹುಣಸೆ ಮರದಲ್ಲಿದೆ ಅಂತ ತೋರಿಸಿದರೆ ಅರ್ಧ ಕೆಲಸ ಮುಗಿಯಿತು.

ಉಡದ ವಿಷಯದಲ್ಲಿ ಭಯಕ್ಕಿಂತ ಆಸೆಯೇ ಹೆಚ್ಚು ಹಾನಿ ಮಾಡಿದೆ. ಮಾಂಸ ಸೊಂಟನೋವಿಗೆ ಒಳ್ಳೆಯದು, ಎಣ್ಣೆ ಕೀಲುನೋವಿಗೆ ಒಳ್ಳೆಯದು ಅಂತ ಹಿಡಿಯುತ್ತಾರೆ. ಖಂಜಿರ ಅನ್ನುವ ಕೈವಾದ್ಯಕ್ಕೆ ಮೊದಲೆಲ್ಲ ಉಡದ ಚರ್ಮವನ್ನೇ ಕಟ್ಟುತ್ತಿದ್ದರು, ಈಗ ಆಡಿನ ಚರ್ಮ, ಸಿಂಥೆಟಿಕ್ ಬಂದಿವೆ. ಎಲ್ಲಕ್ಕಿಂತ ಕೆಟ್ಟದ್ದು ಹತ್ಥಾ ಜೋಡಿ. ಅಪರೂಪದ ಗಿಡದ ಬೇರು, ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಅಂತ ಆನ್‌ಲೈನ್‌ನಲ್ಲಿ ಮಾರುತ್ತಿದ್ದ ಆ ವಸ್ತು ಗಂಡು ಉಡದ ಜನನಾಂಗವನ್ನು ಕತ್ತರಿಸಿ ಒಣಗಿಸಿದ್ದು ಅಂತ 2017ರ ಹೊತ್ತಿಗೆ ದೊಡ್ಡ ಸುದ್ದಿಯಾಯಿತು. ನಿಮ್ಮ ಮನೆಯವರು ಯಾರಾದರೂ ಪೂಜೆಗೆ ಅಂತ ತರಿಸಲು ಹೊರಟಿದ್ದರೆ ದಯವಿಟ್ಟು ತಡೆಯಿರಿ. ಅದೂ ಅದೇ ಕಾಯ್ದೆಯಡಿ ಅಪರಾಧ.

ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಮುಧೋಳ, ಸಂಡೂರು ಆಳಿದ ಘೋರ್ಪಡೆ ಮನೆತನದವರೂ ತಮ್ಮ ಹೆಸರನ್ನು ಅಂಥ ಕಥೆಗೇ ಜೋಡಿಸಿಕೊಂಡವರು. ಉಡದ ಹಿಡಿತಕ್ಕೆ ಅಷ್ಟು ಮರ್ಯಾದೆ ಕೊಟ್ಟ ಜನ ನಾವು, ಪ್ರಾಣಿಗೂ ಸ್ವಲ್ಪ ಕೊಡಬಹುದು.

ನೋಡುವ ಆಸೆಗೆ ಯಾವುದು

ಮಕ್ಕಳಿಗೆ ತೋರಿಸಬೇಕು, ಸಂಜೆ ಹೊತ್ತು ಕೂತು ನೋಡಬೇಕು ಅನ್ನುವವರಿಗೆ ಹಾಲಕ್ಕಿ. ಕತ್ತಲಾಗುವ ಅರ್ಧ ಗಂಟೆ ಮೊದಲು ಪೊಟರೆಯ ಬಾಯಿಗೆ ಬಂದು ಕೂರುತ್ತದೆ. ನಿಮ್ಮನ್ನು ಕಂಡರೆ ತಲೆಯನ್ನು ಮೇಲೆ ಕೆಳಗೆ ಆಡಿಸಿ, ಪಕ್ಕಕ್ಕೆ ವಾಲಿಸಿ, ಮತ್ತೆ ಬಗ್ಗಿ, ನಿಂತಲ್ಲೇ ಅಳೆಯುತ್ತದೆ. ಕಣ್ಣಗುಡ್ಡೆ ತಿರುಗಿಸಲು ಆಗುವುದಿಲ್ಲ, ಅದಕ್ಕೆ ದೂರ ಅಂದಾಜು ಮಾಡಲು ತಲೆಯನ್ನೇ ಆಡಿಸಬೇಕು. ಹಗಲಲ್ಲಿ ಅದು ಎಲ್ಲಿದೆ ಅಂತ ಹುಡುಕಲು ಬೇರೆ ಹಕ್ಕಿಗಳ ಮಾತು ಕೇಳಿ. ಪಿಕಳಾರ, ಸೂರಕ್ಕಿ, ಹರಟೆಮಲ್ಲ ಎಲ್ಲ ಒಂದೇ ಕೊಂಬೆಯ ಸುತ್ತ ಗಲಾಟೆ ಎಬ್ಬಿಸಿದ್ದರೆ ಎಲೆಗಳ ಮರೆಯಲ್ಲಿ ಹಾಲಕ್ಕಿ ಇರುವುದು ಬಹುತೇಕ ಖಂಡಿತ. ಅದೇ ಗಲಾಟೆ ನೆಲದ ಹತ್ತಿರ, ಗೊರವಂಕ ಮತ್ತು ಅಳಿಲು ಸೇರಿ ಮಾಡುತ್ತಿದ್ದರೆ ಹಾವೋ ಉಡವೋ ಇರುತ್ತದೆ.

ಉಡ ನೋಡುವುದಕ್ಕೆ ತಾಳ್ಮೆ ಬೇಕು. ಬಿಸಿಲು ಏರಿದ ಮೇಲೆ, ಎಂಟು ಒಂಬತ್ತರ ಹೊತ್ತಿಗೆ ಬಂಡೆ ಮೇಲೋ ಬದು ಮೇಲೋ ಮೈ ಚಪ್ಪಟೆ ಮಾಡಿ ಬಿಸಿಲು ಕಾಯಿಸುತ್ತದೆ. ದೂರದಿಂದಲೇ ಅಲುಗಾಟ ಗುರುತಿಸಿ ಮಾಯವಾಗುತ್ತದೆ. ಅದಿದೆ ಅಂತ ಹೇಳುವುದು ಹೆಚ್ಚಾಗಿ ಗುರುತುಗಳೇ: ದೂಳಿನಲ್ಲಿ ನಡುವೆ ಬಾಲ ಎಳೆದ ಗೆರೆ, ಎರಡೂ ಪಕ್ಕದಲ್ಲಿ ಉಗುರಿನ ಹೆಜ್ಜೆ, ಮರದ ತೊಗಟೆಯಲ್ಲಿ ಪರಚಿದ ಗೀರು, ತಿಪ್ಪೆಯಲ್ಲಿ ಕೆರೆದ ಗುಂಡಿ.

ಹಾಗಾದರೆ ಯಾವುದು?

ನನ್ನ ತೀರ್ಮಾನ ಹೇಳುತ್ತೇನೆ. ನಿಮ್ಮ ಜಮೀನಿನಲ್ಲಿ ಉಡ ಈಗಾಗಲೇ ಇದೆ, ಮೇಲೆ ಹೇಳಿದ ಗುರುತು ಕಾಣುತ್ತಿದೆ ಅಂದರೆ ಎರಡನೇ ಯೋಚನೆ ಬೇಡ, ಉಡಕ್ಕೇ ಜಾಗ ಬಿಡಿ. ಹಾಲಕ್ಕಿಯನ್ನು ನಾಳೆಯೂ ಕರೆಯಬಹುದು. ಪಕ್ಕದ ಊರಲ್ಲಿದೆ, ಬಸ್‌ಸ್ಟ್ಯಾಂಡಿನ ಆಲದ ಮರದಲ್ಲಿದೆ, ಪೊಟರೆ ಇದ್ದರೆ ಬರುತ್ತದೆ. ಉಡವನ್ನು ಹಾಗೆ ಕರೆಯಲು ಬರುವುದಿಲ್ಲ. ಒಮ್ಮೆ ಹೋದರೆ ನಡುವೆ ರಸ್ತೆ, ನಾಯಿ, ಬೇಟೆಯವರು ಎಲ್ಲರನ್ನೂ ದಾಟಿ ಇನ್ನೊಂದು ಉಡ ಬರಬೇಕು. ಇರುವುದನ್ನು ಓಡಿಸದೆ ಇರುವುದೇ ಅದಕ್ಕೆ ನಾವು ಮಾಡಬಹುದಾದ ದೊಡ್ಡ ಉಪಕಾರ.

ಉಡದ ಸುಳಿವೇ ಇಲ್ಲ, ಮನೆ ಪಕ್ಕದ ಅರ್ಧ ಎಕರೆ, ಕೋಳಿ ಇದೆ, ನಾಯಿ ಬಿಟ್ಟೇ ಇರುತ್ತದೆ, ಸುತ್ತಲೂ ಸೈಟುಗಳಾಗಿವೆ, ಅಂಥವರು ಹಾಲಕ್ಕಿಯನ್ನು ಆರಿಸಿಕೊಳ್ಳಿ. ತೆಂಗಿನ ತೋಟದವರು, ತಿಪ್ಪೆ ದೊಡ್ಡದಿರುವವರು ಉಡದ ಕಡೆಗೆ ವಾಲಬಹುದು. ತರಕಾರಿ ಬೆಳೆದು ಪತಂಗದ ಕಾಟ ಅನುಭವಿಸುವವರಿಗೆ ಹಾಲಕ್ಕಿ ಹೆಚ್ಚು ಉಪಯೋಗ. ಹತ್ತು ಎಕರೆ ಇದ್ದವರು ಆರಿಸುವ ಅಗತ್ಯವೇ ಇಲ್ಲ, ಎರಡಕ್ಕೂ ಬಿಡಬಹುದು. ಆಗ ಒಂದು ಮಾತ್ರ ನೆನಪಿರಲಿ: ಉಡ ಮರ ಹತ್ತುತ್ತದೆ, ಪೊಟರೆಯಲ್ಲಿ ಮೊಟ್ಟೆ ಮರಿ ಸಿಕ್ಕರೆ ಬಿಡುವುದಿಲ್ಲ. ಕಲ್ಲುಗುಡ್ಡೆಯ ಪಕ್ಕದ ಮರಕ್ಕೇ ಹಾಲಕ್ಕಿಯ ಪೆಟ್ಟಿಗೆ ಕಟ್ಟಬೇಡಿ, ತೋಟದ ಇನ್ನೊಂದು ಮೂಲೆಗೆ ಕಟ್ಟಿ.

ಉಡ ಆರಿಸಿಕೊಂಡವರು ಈ ವರ್ಷ ಮಾಡಬೇಕಾದದ್ದು ಇಷ್ಟು. ಹುತ್ತ ಇರುವ ಬದುವನ್ನು ಗುರುತು ಮಾಡಿ, ಜೆಸಿಬಿಯವರಿಗೆ ಮೊದಲೇ ತೋರಿಸಿ, ಜೂನ್‌ನಿಂದ ಮುಂದಿನ ಮೇ ಬರುವ ತನಕ ಅಲ್ಲಿ ಅಗೆಸಬೇಡಿ. ಹೊಲದಿಂದ ಆರಿಸಿದ ಕಲ್ಲನ್ನು ಮಾರದೆ ಒಂದು ಮೂಲೆಗೆ ಒಟ್ಟಿ. ಬೇಲಿಗೆ ಬೆಂಕಿ ಹಾಕುವ ಅಭ್ಯಾಸ ಇದ್ದರೆ ಬಿಡಿ. ತೆರೆದ ಬಾವಿ, ಕೃಷಿಹೊಂಡ ಇದ್ದರೆ ಒಂದು ಒರಟು ಮರದ ದಿಮ್ಮಿಯನ್ನು ಓರೆಯಾಗಿ ಇಳಿಬಿಡಿ. ಪ್ಲಾಸ್ಟಿಕ್ ಹೊದಿಸಿದ ಹೊಂಡಕ್ಕೆ ಬಿದ್ದ ಉಡಕ್ಕೆ ಉಗುರು ಊರಲು ಜಾಗ ಸಿಗುವುದಿಲ್ಲ, ಎಷ್ಟು ಚೆನ್ನಾಗಿ ಈಜಿದರೂ ಕೊನೆಗೆ ಸೋತು ಮುಳುಗುತ್ತದೆ. ಹಾಲಕ್ಕಿ ಆರಿಸಿಕೊಂಡವರಿಗೆ ಕೆಲಸ ಇನ್ನೂ ಕಡಿಮೆ: ಟೊಳ್ಳು ಮರ ಕಡಿಸಬೇಡಿ, ಒಣಕೊಂಬೆ ತೆಗೆಸುವುದಿದ್ದರೆ ಮೇ ತಿಂಗಳ ನಂತರ ತೆಗೆಸಿ, ಪೆಟ್ಟಿಗೆ ಇಡುವುದಿದ್ದರೆ ದಸರಾ ಹೊತ್ತಿಗೆ ಇಡಿ, ಮರದ ಕೆಳಗಿನ ಫ್ಲಡ್‌ಲೈಟ್ ಆರಿಸಿ.